‘ನೀತಿಯ ವ್ಯಾಪಾರಿಗಳು’: ಗಾಫ್‌ಮನ್ನರ ಗ್ರಂಥವೊಂದರ ವಿಮರ್ಶೆ

ಸಮಾಜಶಾಸ್ತ್ರದ ಗ್ರಂಥಗಳಲ್ಲಿ ವ್ಯಾಪಾರಿಯ ಪ್ರಸ್ತಾಪ ಬರುವುದು ಸಾಮಾನ್ಯವಾಗಿ ಲಾಭ, ಬಂಡವಾಳ, ವರ್ಗ ಮೊದಲಾದ ಶಬ್ದಗಳ ಸಂಗಡ. ಆದರೆ ಅರ್ವಿಂಗ್ ಗಾಫ್‌ಮನ್ನರ ‘ದಿ ಪ್ರೆಸೆಂಟೇಶನ್ ಆಫ್ ಸೆಲ್ಫ್ ಇನ್ ಎವೆರಿಡೇ ಲೈಫ್’ ಎಂಬ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಅದು ಬೇರೊಂದು ಬಗೆಯಲ್ಲಿ ಬಂದಿದೆ. ಮನುಷ್ಯರು ಒಬ್ಬರಿಗೊಬ್ಬರು ಎದುರಾದಾಗ ಪ್ರತಿಯೊಬ್ಬನೂ ತಾನು ನೀತಿಯ ಮಟ್ಟಕ್ಕೆ ತಕ್ಕವನೆಂದು ತೋರಿಸಿಕೊಳ್ಳುವುದರಲ್ಲಿ ಮಗ್ನನಾಗಿರುತ್ತಾನೆ. ಆ ಮಟ್ಟವನ್ನು ನಿಜವಾಗಿ ಮುಟ್ಟುವ ಚಿಂತೆ ಹಿಂದೆ ಸರಿಯುತ್ತದೆ. ಆದ್ದರಿಂದ ಪ್ರದರ್ಶನಕಾರರಾಗಿ ನಾವೆಲ್ಲರೂ ನೀತಿಯ ವ್ಯಾಪಾರಿಗಳು ಎಂಬುದು ಅಲ್ಲಿಯ ಅಭಿಪ್ರಾಯ. ಬದುಕಿನ ಬಹುಭಾಗವನ್ನು ಗಲ್ಲಾಪೆಟ್ಟಿಗೆಯ ಹಿಂದೆ ಕಳೆದ ನನ್ನಂಥವನಿಗೆ ಈ ಮಾತನ್ನು ಓದಿ ಸುಮ್ಮನೆ ಪುಟ ತಿರುಗಿಸುವುದು ಸಾಧ್ಯವಾಗಲಿಲ್ಲ. ಉಪಮೆಯೊಂದನ್ನು ಬಳಸುವವನು ಉಪಮಾನವನ್ನು ಸರಿಯಾಗಿ ಬಲ್ಲವನಾಗಿರಬೇಕು. ಗಾಫ್‌ಮನ್ನರು ವ್ಯಾಪಾರವನ್ನು ಬಲ್ಲವರೇ ಎಂಬ ಪ್ರಶ್ನೆಯೊಂದಿಗೆ ಗ್ರಂಥವನ್ನು ಮತ್ತೆ ಮೊದಲಿನಿಂದ ಓದಿದೆನು.

ಗ್ರಂಥಕರ್ತರು ಕೆನಡಾ ದೇಶದವರು. 1922ರಲ್ಲಿ ಜನನ, ತಂದೆ ಅಂಗಡಿ ನಡೆಸುತ್ತಿದ್ದವರು ಎಂಬುದನ್ನು ಇಲ್ಲಿ ಹೇಳದೆ ಇರಲಾರೆ. ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದಿಂದ 1953ರಲ್ಲಿ ಡಾಕ್ಟರೇಟ್ ಪಡೆದು, ಮುಂದೆ ಬರ್ಕ್‌ಲಿ ಮತ್ತು ಪೆನ್ಸಿಲ್ವೇನಿಯಾಗಳಲ್ಲಿ ಅಧ್ಯಾಪಕರಾಗಿದ್ದು 1982ರಲ್ಲಿ ತೀರಿಕೊಂಡರು. ಪ್ರಸ್ತುತ ಗ್ರಂಥ ಮೊದಲು 1956ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಿಂದ ಹೊರಬಂದು, 1959ರಲ್ಲಿ ವಿಸ್ತೃತ ರೂಪದಲ್ಲಿ ಅಮೆರಿಕದಲ್ಲಿ ಅಚ್ಚಾಯಿತು. ಅಂದಿನಿಂದ ಇಂದಿನವರೆಗೆ ಪರಸ್ಪರ ವ್ಯವಹಾರ ಮತ್ತು ಸಂವಹನವನ್ನು ಕುರಿತು ಬರೆಯುವವರು ಇದನ್ನು ಮುಟ್ಟದೆ ಮುಂದೆ ಹೋಗುವುದು ಅಪರೂಪ.

ಹೆಸರಿನಲ್ಲಿರುವ ‘ಸೆಲ್ಫ್’ ಎಂಬ ಶಬ್ದವನ್ನು ‘ಆತ್ಮ’ ಎಂದು ಕನ್ನಡಿಸಿದರೆ ಈ ಪತ್ರಿಕೆಯ ವಾಚಕರನ್ನು ದಾರಿ ತಪ್ಪಿಸಿದಂತಾಗುತ್ತದೆ. ಗ್ರಂಥಕರ್ತರು ಹೇಳುತ್ತಿರುವುದು ಜೀವದ್ರವ್ಯದ ವಿಚಾರವಲ್ಲ. ‘ನಾನು ಇಂಥವನು’ ಎಂದು ಒಬ್ಬನು ತನ್ನ ವಿಷಯದಲ್ಲಿ ಇಟ್ಟುಕೊಂಡಿರುವ ಮತ್ತು ಇತರರು ಇಟ್ಟುಕೊಳ್ಳಲೆಂದು ಬಯಸುವ ಚಿತ್ರವಷ್ಟೇ ಅದು. ಅದನ್ನು ‘ತನ್ನತನ’ ಎನ್ನೋಣ. ಈ ಗ್ರಂಥವನ್ನು ಶಾಸ್ತ್ರದ ತಕ್ಕಡಿಯಲ್ಲಿಟ್ಟು ತೂಗುವುದೂ ನನ್ನ ಉದ್ದೇಶವಲ್ಲ. ಅದರ ಒಳಗಿರುವ ಉದಾಹರಣೆಗಳೇ ಅದನ್ನು ತೂಗಲು ಸಾಕು.

ತನ್ನತನವು ಒಬ್ಬನೇ ಕುಳಿತು ಮಾಡಿಕೊಳ್ಳುವ ವಸ್ತುವಲ್ಲವೆಂಬ ವಿಚಾರ ಗಾಫ್‌ಮನ್ನರಿಗಿಂತ ಹಿಂದಿನದು. ಮಿಶಿಗನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹಾರ್ಟನ್ ಕೂಲಿ ಎಂಬವರು 1902ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ಕನ್ನಡಿಗೆ ಹೋಲಿಸಿದರು. ಎದುರಿಗಿರುವವನಿಗೆ ನಾನು ಹೇಗೆ ಕಾಣುತ್ತಿದ್ದೇನೆಂದು ಮೊದಲು ಊಹಿಸುತ್ತೇನೆ. ಆ ಕಾಣುವಿಕೆಯನ್ನು ಅವನು ಹೇಗೆ ಅಳೆಯುತ್ತಿದ್ದಾನೆಂದು ಆಮೇಲೆ ಊಹಿಸುತ್ತೇನೆ. ಆ ಊಹೆಯಿಂದ ನನ್ನಲ್ಲಿ ಹೆಮ್ಮೆಯೋ ನಾಚಿಕೆಯೋ ಹುಟ್ಟುತ್ತದೆ. ಇಲ್ಲಿ ಗಮನಿಸಬೇಕಾದುದು ‘ಊಹೆ’ ಎಂಬ ಪದವನ್ನು. ಕನ್ನಡಿಯಲ್ಲಿ ಕಾಣುವ ಮುಖವನ್ನು ಅರ್ಧಕ್ಕರ್ಧ ನಾವೇ ಬರೆದುಕೊಂಡಿರುತ್ತೇವೆ. ಎಲ್ಲ ಕನ್ನಡಿಗಳೂ ಒಂದೇ ಅಲ್ಲ ಎಂಬುದನ್ನೂ ಕೂಲಿಯವರು ಬಲ್ಲರು. ವ್ಯಾಪಾರದಲ್ಲಿ ನಡೆಸಿದ ಚಾಲಾಕಿತನವನ್ನು ಒಬ್ಬನ ಮುಂದೆ ಜಂಬದಿಂದ ಹೇಳಿಕೊಳ್ಳುವವನು ಇನ್ನೊಬ್ಬನ ಮುಂದೆ ಅದನ್ನೇ ಒಪ್ಪಿಕೊಳ್ಳಲು ನಾಚುತ್ತಾನೆ ಎಂಬ ಅರ್ಥದ ಮಾತು ಅವರಲ್ಲಿದೆ. ಈ ವಿದ್ವಾಂಸರಿಗೆಲ್ಲ ಉದಾಹರಣೆ ಬೇಕಾದಾಗ ವ್ಯಾಪಾರಿಯೇ ಏಕೆ ಕೈಗೆ ಸಿಗುತ್ತಾನೋ ತಿಳಿಯದು!

ಲೆಕ್ಕಶಾಸ್ತ್ರ ಓದಿದವರಿಗೆ ಕೂಲಿಯವರ ವಿಚಾರ ಹೊಸದಾಗಿ ತೋರಲಾರದು. ಅಂಗಡಿಯ ಹೆಸರಿಗಿರುವ ಬೆಲೆಗೆ ‘ಗುಡ್‌ವಿಲ್’ ಎನ್ನುತ್ತೇವೆ. ಮಾಲೀಕನು ತನ್ನ ಅಂಗಡಿಯ ಹೆಸರು ಹತ್ತು ಲಕ್ಷ ಬಾಳುತ್ತದೆಂದು ತಾನೇ ಗುಣಿಸಿ ಅದನ್ನು ಆಸ್ತಿಯೆಂದು ಖಾತೆಗೆ ಏರಿಸುವಂತಿಲ್ಲ. ಮತ್ತೊಬ್ಬನು ಹಣ ಕೊಟ್ಟು ಕೊಂಡಾಗ ಮಾತ್ರ ಅದು ಪುಸ್ತಕದೊಳಗೆ ಬರುತ್ತದೆ. ಈ ನಿಯಮವನ್ನು ಮಾಡಿದವರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿರಬೇಕು.

ಇನ್ನು ಗಾಫ್‌ಮನ್ನರ ಕಡೆಗೆ ಬರೋಣ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಸಮೂಹದಲ್ಲಿ ಜನವಸತಿಯುಳ್ಳ ತೀರ ಉತ್ತರದ ದ್ವೀಪ ಅನ್‌ಸ್ಟ್. 1949ರ ಡಿಸೆಂಬರಿನಿಂದ 1951ರ ಮೇ ತಿಂಗಳ ನಡುವೆ ಸುಮಾರು ಒಂದು ವರ್ಷಕಾಲ ಅವರು ಅಲ್ಲಿ ಇದ್ದರು. ಸಣ್ಣ ಹಿಡುವಳಿಯ ರೈತರು, ಕುರಿಗಳು, ಗಾಳಿ, ಒಂದು ಹೋಟೆಲು. ಆ ಹೋಟೆಲಿನಲ್ಲಿ ಉಳಿದುಕೊಂಡು, ಕೆಲಕಾಲ ಅದರ ಅಡಿಗೆಮನೆಯಲ್ಲಿ ಪಾತ್ರೆ ತೊಳೆದು, ಕಂಡದ್ದನ್ನು ಬರೆದಿಟ್ಟರು. ಗ್ರಂಥದ ಅತ್ಯುತ್ತಮ ಪುಟಗಳೆಲ್ಲ ಆ ದ್ವೀಪದವು. ಉಳಿದ ಸಾಮಗ್ರಿ ಇತರರ ಪುಸ್ತಕಗಳಿಂದ, ಕಾದಂಬರಿಗಳಿಂದ, ಆತ್ಮಚರಿತ್ರೆಗಳಿಂದ ಆಯ್ದದ್ದು. ಅದರಲ್ಲಿ ರಂಜನೆ ಇದ್ದರೂ ತೂಕ ಕಡಿಮೆ.

ಅವರ ಮೂಲ ಭೇದವೊಂದಿದೆ. ಮನುಷ್ಯನು ಮಾತಿನಿಂದ ‘ಕೊಡುವ’ ಅರ್ಥ ಒಂದು. ಅವನ ಮೈಯಿಂದ, ಮುಖದಿಂದ, ನಡೆಯಿಂದ ತಾನಾಗಿ ‘ಹೊರಸೂಸುವ’ ಅರ್ಥ ಇನ್ನೊಂದು. ಮೊದಲನೆಯದು ಅವನ ಹಿಡಿತದಲ್ಲಿದೆ. ಎರಡನೆಯದು ಅಷ್ಟಾಗಿ ಇಲ್ಲ. ಆದ್ದರಿಂದ ಕೇಳುವವನು ಎರಡನೆಯದರಿಂದ ಮೊದಲನೆಯದನ್ನು ಪರೀಕ್ಷಿಸುತ್ತಾನೆ. ಇದಕ್ಕೆ ಅವರು ಕೊಡುವ ನಿದರ್ಶನ ಮನೋಹರವಾಗಿದೆ. ದ್ವೀಪದ ಒಬ್ಬ ಗೃಹಿಣಿ ಬ್ರಿಟನ್ನಿನ ಮುಖ್ಯಭೂಮಿಯಿಂದ ಬಂದ ಅತಿಥಿಗೆ ಸ್ಥಳೀಯ ಅಡಿಗೆಯನ್ನು ಬಡಿಸುತ್ತಾಳೆ. ರುಚಿಯಾಗಿದೆಯೆಂದು ಅತಿಥಿ ಹೊಗಳುತ್ತಾನೆ. ಅವಳು ನಸುನಕ್ಕು ಕೇಳಿಕೊಳ್ಳುತ್ತಾಳೆ. ಆದರೆ ಅವಳ ಕಣ್ಣು ಇರುವುದು ಚಮಚ ಬಾಯಿಗೆ ಏರುವ ವೇಗದ ಮೇಲೆ, ಅವನು ಅಗಿಯುವ ಉತ್ಸಾಹದ ಮೇಲೆ. ಅದೇ ಗೃಹಿಣಿ, ಒಬ್ಬನಿಗೆ ಇನ್ನೊಬ್ಬನ ಮೇಲೆ ನಿಜವಾದ ಭಾವನೆ ಏನಿದೆಯೆಂದು ತಿಳಿಯಲು, ಆ ಇನ್ನೊಬ್ಬನು ಮೂರನೆಯವನೊಡನೆ ಮಾತನಾಡುತ್ತಿರುವ ಸಮಯ ಕಾದು, ನೋಡುತ್ತಿರುವವನ ಮುಖವನ್ನು ಗಮನಿಸುತ್ತಿದ್ದಳಂತೆ. ನಮ್ಮ ಮನೆಗಳ ಹಿರಿಯ ಹೆಂಗಸರು ಈ ವಿದ್ಯೆಯಲ್ಲಿ ಪಾರಂಗತರು.

ಇನ್ನೊಂದು ನಿದರ್ಶನ ಕಿಟಕಿಯದು. ನೆರೆಯವನು ಚಹಾಕ್ಕೆಂದು ಬರುವಾಗ ಬಾಗಿಲು ದಾಟುವ ಹೊತ್ತಿಗೆ ಮುಖದಲ್ಲಿ ನಗೆಯಿರುವುದು ವಾಡಿಕೆ. ಮನೆಯ ಒಳಗಿನವರು ಅವನು ದೂರದಿಂದ ಬರುವುದನ್ನು ಅವನಿಗೆ ಕಾಣದಂತೆ ನೋಡುತ್ತಿರುತ್ತಾರೆ. ಬಾಗಿಲ ಬಳಿ ಬರುತ್ತಲೇ ಅವನು ಇದ್ದ ಮುಖವನ್ನು ತೆಗೆದು ನಗುಮುಖವನ್ನು ಹಾಕಿಕೊಳ್ಳುವುದನ್ನು ಕಂಡು ಸಂತೋಷಪಡುತ್ತಾರೆ. ಇದನ್ನರಿತ ಕೆಲವರು ಬಹು ದೂರದಿಂದಲೇ ನಗುಮುಖ ಧರಿಸಿ ನಡೆದು ಬರುತ್ತಿದ್ದರಂತೆ.

ಈ ಎರಡು ನಿದರ್ಶನಗಳನ್ನು ಗ್ರಂಥಕರ್ತರು ತಮ್ಮ ರಂಗಭೂಮಿಯ ಉಪಮೆಗೆ ಆಧಾರವಾಗಿ ಬಳಸುತ್ತಾರೆ. ಜೀವನವೆಂದರೆ ರಂಗಸ್ಥಳ, ಎದುರಿಗಿರುವವರು ಪ್ರೇಕ್ಷಕರು, ಅವರಿಂದ ಮರೆಯಾದ ಸ್ಥಳ ನೇಪಥ್ಯ. ನನ್ನ ಆಕ್ಷೇಪ ಆರಂಭವಾಗುವುದೂ ಇಲ್ಲಿಯೇ. ಕಿಟಕಿಯ ನಗೆಯಲ್ಲಿ ಮೋಸಹೋದವರು ಯಾರು? ನಗುವವನಿಗೆ ನೋಡುವವರಿದ್ದಾರೆಂದು ಗೊತ್ತು. ನೋಡುವವರಿಗೆ ಅವನ ನಗೆ ಬಾಗಿಲ ಬಳಿ ಹುಟ್ಟಿದ್ದೆಂದು ಗೊತ್ತು. ಆದರೂ ನಗೆ ನಿಲ್ಲುವುದಿಲ್ಲ, ಚಹಾ ನಿಲ್ಲುವುದಿಲ್ಲ. ಎಲ್ಲರಿಗೂ ಗೊತ್ತಿರುವ ನಟನೆಯನ್ನು ನಟನೆ ಎನ್ನಬಹುದೆ? ಅದು ನಿಮ್ಮ ಮನೆಯ ಹೊಸ್ತಿಲಿಗೆ ನಾನು ಕೊಡುವ ಗೌರವ. ಕಾಲಿಗೆ ಮೆತ್ತಿದ ಕೆಸರನ್ನು ಅಂಗಳದಲ್ಲಿ ತೊಳೆದು ಒಳಗೆ ಬರುವಂತೆ, ಮನಸ್ಸಿನ ಕೆಸರನ್ನು ಹೊರಗಿಟ್ಟು ಬರುವುದು. ಅದೇ ರೀತಿ ಚಮಚವನ್ನು ಗಮನಿಸುವ ಗೃಹಿಣಿಯೂ ಅತಿಥಿಯ ಸುಳ್ಳನ್ನು ಹಿಡಿಯಲು ಕುಳಿತ ಪತ್ತೇದಾರಳಲ್ಲ. ಬಾಯಿ ಹೇಳಲಾರದ ಸತ್ಯವನ್ನು ಚಮಚದಿಂದ ತಿಳಿದುಕೊಂಡರೆ ಮಾರನೆಯ ದಿನ ಬೇರೊಂದು ಅಡಿಗೆ ಮಾಡಬಹುದು. ಅತಿಥಿಗೂ ಸಂಕೋಚವಿಲ್ಲ, ಅವಳಿಗೂ ನೋವಿಲ್ಲ. ಸಂವಹನದ ಅತ್ಯಂತ ಸೂಕ್ಷ್ಮವಾದ ರೂಪ ಇದು. ಗಾಫ್‌ಮನ್ನರು ಇದನ್ನು ಕಣ್ಣಾರೆ ಕಂಡವರು. ಅಂಥ ಕಣ್ಣು ಎಲ್ಲರಿಗೂ ಇರುವುದಿಲ್ಲ. ಆದರೆ ಕಂಡದ್ದಕ್ಕೆ ಅವರು ಇಟ್ಟ ಹೆಸರು ಕಂಡದ್ದಕ್ಕಿಂತ ಚಿಕ್ಕದಾಯಿತು.

ಹೋಟೆಲಿನ ಪ್ರಸಂಗದಲ್ಲಿ ಅವರ ಉಪಮೆ ಹೆಚ್ಚು ಸರಿಯಾಗಿ ಹೊಂದುತ್ತದೆ. ಊಟದ ಕೋಣೆಯಲ್ಲಿ ಶುಭ್ರವಾದ ಬಡಿಸುವಿಕೆ; ಅಡಿಗೆಮನೆಯಲ್ಲಿ ಮೆತ್ತಗಾದ ಬೆಣ್ಣೆಯ ತುಂಡುಗಳನ್ನು ಮತ್ತೆ ರೂಪಕೊಟ್ಟು ಹೊರಗೆ ಕಳುಹಿಸುವುದು, ಕೆಟಲಿನ ಹಬೆಯಲ್ಲಿ ಕಾಲುಚೀಲ ಒಣಗಿಸುವುದು. ಎರಡರ ನಡುವಿನ ಬಾಗಿಲೇ ಜಗಳದ ಮೂಲ. ಪರಿಚಾರಿಕೆಯರಿಗೆ ತಟ್ಟೆ ಹೊತ್ತು ಓಡಾಡಲು ಬಾಗಿಲು ತೆರೆದಿರಬೇಕು. ತಾವು ಕೆಲಸದವರೆಂದು ಎಲ್ಲರಿಗೂ ಗೊತ್ತಿರುವುದರಿಂದ ಅತಿಥಿಗಳು ಒಳಗಿನದನ್ನು ಕಂಡರೂ ಅವರು ಕಳೆದುಕೊಳ್ಳುವುದೇನೂ ಇಲ್ಲ. ಒಡೆಯರಿಗೆ ಅದು ಮುಚ್ಚಿರಬೇಕು. ಅವರೂ ಮೂಲತಃ ದ್ವೀಪದ ರೈತಾಪಿ ಜನವೇ ಆದುದರಿಂದ ಅಡಿಗೆಮನೆಯ ಅವರ ರೀತಿನೀತಿ ಕಂಡರೆ ಅತಿಥಿಗಳು ಕೊಟ್ಟ ಗೌರವಕ್ಕೆ ಕುಂದು. ಹೀಗೆ ಬಾಗಿಲು ಸಿಟ್ಟಿನಿಂದ ಮುಚ್ಚಲ್ಪಡದ, ಸಿಟ್ಟಿನಿಂದ ತಳ್ಳಲ್ಪಡದ ದಿನವೇ ಇರಲಿಲ್ಲವಂತೆ. ಕಾಲಿನಿಂದ ಒದ್ದು ತೆರೆಯುವ, ಚಿಕ್ಕ ಗಾಜಿನ ಕಿಂಡಿಯುಳ್ಳ ಬಾಗಿಲು ಇದ್ದಿದ್ದರೆ ಈ ತೊಡಕು ಸ್ವಲ್ಪಮಟ್ಟಿಗೆ ಪರಿಹಾರವಾಗುತ್ತಿತ್ತೆಂದು ಬರೆದಿದ್ದಾರೆ. ಎಷ್ಟು ತನ್ನತನವುಳ್ಳವನಿಗೆ ಅಷ್ಟು ಬಾಗಿಲು ಬೇಕೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ನಿದರ್ಶನವನ್ನು ನಾನು ಬೇರೆಲ್ಲಿಯೂ ಓದಿಲ್ಲ.

ಈ ಸಂದರ್ಭದಲ್ಲಿ ಗ್ರಂಥಕರ್ತರ ಪರವಾಗಿ ಒಂದು ಮಾತು. ನೇಪಥ್ಯದಲ್ಲಿ ಕಾಣುವುದೇ ನಿಜ, ರಂಗದ ಮೇಲಿನದೆಲ್ಲ ಸುಳ್ಳು ಎಂದು ಅವರು ಹೇಳುತ್ತಾರೆಂದು ಅನೇಕರು ತಿಳಿದಿದ್ದಾರೆ. ಅವರು ಹಾಗೆ ಹೇಳಿಲ್ಲ. ಅಡಿಗೆಮನೆಗೂ ಅದರದೇ ಕಟ್ಟುಪಾಡುಗಳಿವೆ, ಅಲ್ಲಿಯೂ ಜೊತೆಯವರ ಮುಂದೆ ಒಂದು ಮುಖ ಬೇಕೆಂಬುದು ಅವರಿಗೆ ಗೊತ್ತು. ನಮ್ಮ ಯಕ್ಷಗಾನದ ಚೌಕಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿಯೂ ಗಣಪತಿಯ ಪೂಜೆಯಿದೆ, ಕಲಾವಿದರು ಕುಳಿತುಕೊಳ್ಳುವ ಕ್ರಮವಿದೆ. ಬಣ್ಣ ಅಳಿಸಿದ ಮಾತ್ರಕ್ಕೆ ಶಿಸ್ತು ಅಳಿಯುವುದಿಲ್ಲ. ಮನೆಯೊಳಗೆ ಕೋಪದಿಂದ ಆಡಿದ್ದೇ ನಿಜವಾದ ಮಾತು, ಹೊರಗೆ ಸೌಜನ್ಯದಿಂದ ಆಡಿದ್ದು ಸೋಗು ಎಂಬ ವಾದ ಈಚೆಗೆ ಹಲವು ಮನೆಗಳ ತರುಣರ ಬಾಯಿಂದ ಕೇಳಿಬರುತ್ತದೆ. ಅದಕ್ಕೆ ಗಾಫ್‌ಮನ್ನರ ಬೆಂಬಲವಿಲ್ಲ.

ಈಗ ಪಾದರಕ್ಷೆಯ ಮಾತು. ಗ್ರಂಥದ ಮೊದಲನೆಯ ಅಧ್ಯಾಯದಲ್ಲಿ, ತನ್ನ ಪ್ರದರ್ಶನವನ್ನು ತಾನೇ ನಂಬದವನ ವಿಚಾರ ಬರುತ್ತದೆ. ಅಂಥವರೆಲ್ಲ ಸ್ವಾರ್ಥಿಗಳಲ್ಲ, ಕೆಲವರನ್ನು ಪ್ರೇಕ್ಷಕರೇ ಪ್ರಾಮಾಣಿಕರಾಗಿರಲು ಬಿಡುವುದಿಲ್ಲ ಎಂದು ಹೇಳಿ, ಪಾದರಕ್ಷೆಯ ಅಂಗಡಿಯ ಗುಮಾಸ್ತನನ್ನು ಉದಾಹರಿಸುತ್ತಾರೆ. ಅವನು ಕಾಲಿಗೆ ಸರಿಯಾಗುವ ಜೋಡನ್ನೇ ಕೊಡುತ್ತಾನೆ. ಆದರೆ ಗ್ರಾಹಕಳು ಕೇಳಬಯಸುವ ಅಳತೆಯ ಸಂಖ್ಯೆಯನ್ನು ಹೇಳುತ್ತಾನೆ. ಗ್ರಂಥಕರ್ತರು ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಹೋಗಬಾರದಿತ್ತು. ಸಿದ್ಧ ಉಡುಪಿನ ವ್ಯಾಪಾರವನ್ನು ಬಲ್ಲವರಿಗೆ ಈ ಗುಮಾಸ್ತ ಅಪರಿಚಿತನಲ್ಲ. 34 ಎಂದವರಿಗೆ 36ನ್ನು ಕೊಟ್ಟು, ‘ಈ ಕಂಪನಿಯ ಅಳತೆ ಸ್ವಲ್ಪ ಬಿಗಿ’ ಎನ್ನುವುದು ಪೇಟೆಯ ತುಂಬ ಕೇಳುವ ಮಾತು. ಕೊಳ್ಳುವವನಿಗೆ ತೃಪ್ತಿ, ಮಾರುವವನಿಗೆ ವ್ಯಾಪಾರ, ಬಟ್ಟೆ ಮೈಗೆ ಹೊಂದಿದೆ, ನಷ್ಟವಾದದ್ದು ಏನು?

ನಷ್ಟವಾದದ್ದು ಅವನಿಗೆ ತನ್ನ ಮೈಯ ಅರಿವು. ಮುಂದಿನ ಬಾರಿ ಬೇರೊಂದು ಅಂಗಡಿಯಲ್ಲಿ ಅವನು 34 ಎಂದೇ ಕೇಳುತ್ತಾನೆ, ಬಿಗಿಯಾದರೆ ಅಂಗಡಿಯವನನ್ನು ದೂರುತ್ತಾನೆ. ನಮ್ಮ ತನ್ನತನದ ಚಿತ್ರ ಇಂಥ ನೂರಾರು ಸೌಜನ್ಯದ ಸಂಖ್ಯೆಗಳಿಂದ ಕೂಡಿಕೊಂಡಿದೆ. ಮಗನಿಗೆ ತಾಯಿ ಹೇಳಿದ ಸಂಖ್ಯೆ, ಅಳಿಯನಿಗೆ ಅತ್ತೆಯ ಮನೆಯವರು ಹೇಳಿದ ಸಂಖ್ಯೆ, ದಾನಿಗೆ ಸಂಸ್ಥೆಯವರು ಹೇಳಿದ ಸಂಖ್ಯೆ. ಕೂಲಿಯವರ ಕನ್ನಡಿಯಲ್ಲಿ ನೋಡುವವನು ಊಹಿಸುತ್ತಾನೆ ಎಂದಿದ್ದೆನಲ್ಲ, ಇಲ್ಲಿ ಕನ್ನಡಿಯೂ ಅವನಿಗೆ ಬೇಕಾದಂತೆ ಬಾಗಿಕೊಡುತ್ತದೆ. ಗಾಫ್‌ಮನ್ನರು ತೋರಿಸುವವನ ಕೌಶಲವನ್ನು ಕುರಿತು ಪುಟಗಟ್ಟಲೆ ಬರೆದಿದ್ದಾರೆ. ನೋಡಿದವರು ಸುಮ್ಮನಿದ್ದುಬಿಟ್ಟರೆ ತೋರಿಸಿದವನ ಒಳಗೆ ಏನು ಬೆಳೆಯುತ್ತದೆಂಬುದನ್ನು ಅಷ್ಟಾಗಿ ಕೇಳುವುದಿಲ್ಲ. ಒಬ್ಬನು ಎಡವಿದಾಗ ಕಾಣದಂತೆ ಮುಖ ತಿರುಗಿಸುವುದು ಒಂದು ದಾಕ್ಷಿಣ್ಯ. ಅವನ ಅಳತೆಯನ್ನು ಅವನಿಂದಲೇ ಬಚ್ಚಿಡುವುದು ಇನ್ನೊಂದು. ಎರಡನ್ನೂ ಒಂದೇ ಹೆಸರಿನಿಂದ ಕರೆದದ್ದು ಈ ಗ್ರಂಥದ ದೊಡ್ಡ ಕೊರತೆ ಎಂದು ನನ್ನ ಭಾವನೆ.

ಧರ್ಮದರ್ಶಿ ಮಂಡಳಿಗಳಲ್ಲಿ ಕುಳಿತವರಿಗೆ ಎರಡನೆಯ ಅಧ್ಯಾಯ ಉಪಯುಕ್ತ. ಅಲ್ಲಿ ‘ತಂಡ’ದ ವಿಚಾರವಿದೆ. ಒಟ್ಟಾಗಿ ಒಂದು ಚಿತ್ರವನ್ನು ತೋರಿಸಬೇಕಾದವರು ಪರಸ್ಪರರ ಕೈಯಲ್ಲಿರುತ್ತಾರೆ. ಯಾರೊಬ್ಬ ಬಾಯಿ ಬಿಟ್ಟರೂ ಎಲ್ಲರ ಆಟ ಕೆಡುತ್ತದೆ. ವಾರ್ಷಿಕ ಸಭೆಗಳಲ್ಲಿ ಆಯವ್ಯಯ ಓದುವಾಗ ಸರ್ವಾನುಮತವಾಗಿರುವವರು ಮೆಟ್ಟಿಲ ಬಳಿ ಚಪ್ಪಲಿ ಹುಡುಕುವಾಗ ಆಡುವ ಮಾತೇ ಬೇರೆ. ಒಳಗೆ ಒಪ್ಪಿಗೆಯನ್ನು ಮಾತ್ರ ಕೇಳುತ್ತ ಬಂದ ಅಧ್ಯಕ್ಷನು ವರ್ಷಗಳ ಮೇಲೆ ತನ್ನನ್ನು ಸರ್ವಜನಪ್ರಿಯನೆಂದು ತಿಳಿದರೆ ಅದು ಅವನೊಬ್ಬನ ದೋಷವಲ್ಲ; 34ರ ಅಳತೆಯನ್ನು ಎಲ್ಲರೂ ಸೇರಿ ಹೇಳಿದ್ದಾರೆ. ಅವನು ಒಂದು ದಿನ ಬಿಗಿಯಾದ ಅಂಗಿಯಲ್ಲಿ ಉಸಿರುಕಟ್ಟಿ ಸಿಡುಕಿದಾಗ, ‘ಇಷ್ಟು ಒಳ್ಳೆಯವರು ಹೀಗೇಕಾದರು’ ಎಂದು ಆಶ್ಚರ್ಯಪಡುವವರೂ ಅವರೇ. ಇಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೈಮುಗಿದ ಚಿತ್ರಗಳ ಸುರಿಮಳೆಯೂ ಇದೇ ಕೆಲಸವನ್ನು ಮಾಡುತ್ತಿದೆ. ಅದರ ವಿಸ್ತಾರ ಇಲ್ಲಿ ಬೇಡ.

ಈಗ ‘ನೀತಿಯ ವ್ಯಾಪಾರಿ’ಗೆ ಹಿಂದಿರುಗಬಹುದು. ವ್ಯಾಪಾರಿ ತನ್ನ ಸರಕನ್ನು ಚೆನ್ನಾಗಿ ಬಲ್ಲನು, ಆದರೆ ಅದಕ್ಕೆ ಗಮನ ಕೊಟ್ಟಷ್ಟೂ ಅದರಿಂದಲೂ ಅದನ್ನು ನಂಬಿ ಕೊಳ್ಳುವವರಿಂದಲೂ ದೂರನಾಗುತ್ತಾನೆ ಎಂಬ ಧ್ವನಿ ಆ ಮಾತಿನಲ್ಲಿದೆ. ಜಾತ್ರೆಯ ವ್ಯಾಪಾರಿಗೆ ಇದು ಸಲ್ಲಬಹುದು. ಇಂದು ಮಾರಿ ನಾಳೆ ಬೇರೆ ಊರಿಗೆ ಹೋಗುವವನಿಗೆ ತೋರಿಕೆಯೇ ಸಾಕು. ಒಂದೇ ಬೀದಿಯಲ್ಲಿ ಕುಳಿತು ಮೂರು ತಲೆಮಾರಿನ ಗಿರಾಕಿಗಳಿಗೆ ಮಾರುವವನ ಸ್ಥಿತಿ ಹಾಗಲ್ಲ. ಅವನ ಸರಕು ಗಿರಾಕಿಯ ಮನೆಗೆ ಹೋಗುತ್ತದೆ, ನೀರಿಗೆ ಬೀಳುತ್ತದೆ, ಬಿಸಿಲಿಗೆ ಒಣಗುತ್ತದೆ, ಬಣ್ಣ ಬಿಟ್ಟರೆ ಹಿಂದಕ್ಕೆ ಬರುತ್ತದೆ. ಅಂಗಡಿಯ ದೀಪದ ಬೆಳಕಿನಲ್ಲಿ ತೋರಿಸಿದ್ದನ್ನು ಅಂಗಳದ ಬೆಳಕಿನಲ್ಲಿ ಯಾರೋ ಪರೀಕ್ಷಿಸುತ್ತಾರೆಂದು ತಿಳಿದವನು ತೋರಿಸುವುದಕ್ಕೂ ಇರುವುದಕ್ಕೂ ನಡುವಿನ ಅಂತರವನ್ನು ಕಡಿಮೆ ಮಾಡಿಕೊಳ್ಳುತ್ತ ಹೋಗುತ್ತಾನೆ. ಸದ್ಗುಣದಿಂದ ಎಂದು ಹೇಳಲಾರೆ. ಲೆಕ್ಕದಿಂದ ಎಂದೇ ಇಟ್ಟುಕೊಳ್ಳೋಣ. ಆದರೆ ಲೆಕ್ಕದಿಂದ ಆರಂಭವಾದದ್ದು ಎಷ್ಟೋ ವೇಳೆ ಸ್ವಭಾವವಾಗಿ ನಿಲ್ಲುತ್ತದೆ. ರಾತ್ರಿ ಬಾಗಿಲು ಹಾಕಿದ ಮೇಲೆ ಒಬ್ಬನೇ ಕುಳಿತು ದಿನದ ಲೆಕ್ಕ ಬರೆಯುವಾಗ ಅಲ್ಲಿ ಯಾವ ಪ್ರೇಕ್ಷಕನೂ ಇಲ್ಲ, ಆದರೂ ಪೈಸೆಯ ವ್ಯತ್ಯಾಸಕ್ಕೆ ನಿದ್ರೆಗೆಡುತ್ತಾನೆ. ಈ ಮನುಷ್ಯನಿಗೆ ಗಾಫ್‌ಮನ್ನರ ರಂಗಭೂಮಿಯಲ್ಲಿ ಪಾತ್ರವಿಲ್ಲ. ಹೋಟೆಲಿನ ಅತಿಥಿಗಳು ಬಂದು ಹೋಗುವವರು. ಬಂದು ಹೋಗುವವರ ಮುಂದಿನ ನಡತೆಯನ್ನು ನೋಡಿ, ಅದರ ಹೊರಗೇ ತಲೆಮಾರುಗಳಿಂದ ಒಟ್ಟಿಗೆ ಬದುಕುತ್ತಿದ್ದ ದ್ವೀಪದ ಜನರಿಗೂ ಅದೇ ಮಾದರಿಯನ್ನು ಅನ್ವಯಿಸಿದರು. ಉಪಮೆ ಹೊರಟದ್ದು ಊಟದ ಕೋಣೆಯಿಂದ. ಕಿಟಕಿಯ ಬಳಿಯಿಂದ ಹೊರಟಿದ್ದರೆ ಗ್ರಂಥವೇ ಬೇರೆಯಾಗುತ್ತಿತ್ತು.

ಮತ್ತೊಂದು ಸಂಗತಿಯನ್ನು ಸಂಕೋಚದಿಂದಲೇ ಬರೆಯುತ್ತೇನೆ. ದ್ವೀಪದಲ್ಲಿದ್ದಾಗ ಗ್ರಂಥಕರ್ತರು ತಮ್ಮನ್ನು ಅಲ್ಲಿಯ ಕೃಷಿಯ ಆರ್ಥಿಕ ವಿಷಯವನ್ನು ನೇರವಾಗಿ ತಿಳಿಯಬಂದ ಅಮೆರಿಕದ ವಿದ್ಯಾರ್ಥಿಯೆಂದು ಪರಿಚಯಿಸಿಕೊಂಡಿದ್ದರು. ಇದನ್ನು ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಅವರೇ ಹೇಳಿದ್ದಾರೆ. ಸಂಶೋಧನೆಯ ದೃಷ್ಟಿಯಿಂದ ಅದಕ್ಕೆ ಕಾರಣಗಳಿರಬಹುದು: ನಿಮ್ಮ ನಗೆಯನ್ನು ಅಭ್ಯಸಿಸಲು ಬಂದಿದ್ದೇನೆ ಎಂದರೆ ನಗುವವರು ಯಾರು? ಆದರೂ ಎಲ್ಲರ ನೇಪಥ್ಯವನ್ನೂ ತೆರೆದು ತೋರಿಸಿದವರು ಒಂದು ವರ್ಷಕಾಲ ತಮ್ಮ ನೇಪಥ್ಯದ ಬಾಗಿಲನ್ನು ಭದ್ರವಾಗಿ ಮುಚ್ಚಿಕೊಂಡಿದ್ದರು. ಅಂಥ ಸ್ಥಿತಿಯಲ್ಲಿರುವವನಿಗೆ ಜಗತ್ತೆಲ್ಲ ನಟರಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ದ್ವೀಪದ ಗೃಹಿಣಿ ಅವರ ಚಮಚವನ್ನೂ ನೋಡಿಯೇ ಇದ್ದಿರಬೇಕು. ಅವಳು ಏನು ತೀರ್ಮಾನಿಸಿದಳೆಂಬುದು ಗ್ರಂಥದಲ್ಲಿಲ್ಲ.

ಕೊನೆಯ ಪುಟಗಳಲ್ಲಿ ಅವರು ರಂಗಭೂಮಿಯ ಭಾಷೆ ಕೇವಲ ಕಟ್ಟಡದ ಸಾರುವೆಯಂತೆ, ಕೆಲಸ ಮುಗಿದ ಮೇಲೆ ಬಿಚ್ಚಬೇಕಾದದ್ದು ಎಂಬ ಅರ್ಥದ ಮಾತನ್ನು ಪ್ರಾಂಜಲವಾಗಿ ಸೇರಿಸಿದ್ದಾರೆ. ಇದು ದೊಡ್ಡ ಮನಸ್ಸಿನ ಮಾತು. ಆದರೆ ಅವರ ನಂತರ ಬಂದವರು, ವಿಶೇಷವಾಗಿ ‘ವ್ಯಕ್ತಿತ್ವ ವಿಕಸನ’ದ ಹೆಸರಿನಲ್ಲಿ ತರಬೇತಿ ನಡೆಸುವವರು, ಸಾರುವೆಯನ್ನೇ ಮನೆಯೆಂದು ಬಾಡಿಗೆಗೆ ಕೊಡುತ್ತಿದ್ದಾರೆ. ಕೈ ಹೇಗೆ ಕುಲುಕಬೇಕು, ಕಣ್ಣನ್ನು ಎಲ್ಲಿ ಇಡಬೇಕು ಎಂಬುದನ್ನು ಅವರು ಕಲಿಸುತ್ತಾರೆ. ಎದುರಿಗಿರುವವನ ಚಮಚ ಏಕೆ ನಿಧಾನವಾಯಿತೆಂದು ನೋಡುವುದನ್ನು ಕಲಿಸುವುದಿಲ್ಲ. ಗ್ರಂಥವನ್ನು ಓದಬಯಸುವವರು ಇಂಥವರ ಸಾರಾಂಶಗಳನ್ನು ನಂಬದೆ ಮೂಲವನ್ನೇ ಹಿಡಿಯುವುದು ಒಳ್ಳೆಯದು. ಇಂಗ್ಲಿಷು ಕಠಿಣವಲ್ಲ, ಪರಿಭಾಷೆ ಸ್ವಲ್ಪ ತೊಡಕು. ಸಮಯವಿಲ್ಲದವರು ಪೀಠಿಕೆಯನ್ನೂ, ಅಡಿಗೆಮನೆಯ ಬಾಗಿಲಿನ ಪ್ರಸಂಗ ಬರುವ ಮೂರನೆಯ ಅಧ್ಯಾಯವನ್ನೂ ಓದಬಹುದು. ನಡುವಿನ ನಾಲ್ಕು, ಐದನೆಯ ಅಧ್ಯಾಯಗಳನ್ನು ಬಿಟ್ಟರೆ ಹೆಚ್ಚು ನಷ್ಟವಿಲ್ಲ.